ಹಾರ್ಮೋನ್ ಇಂಜೆಕ್ಷನ್ ಶುರುವಾದ ಮೇಲೆ ಯಜಮಾನರು ಮಾತೇ ಬಿಟ್ಟಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಹಳ್ಳಿ. ಯಜಮಾನರಿಗೆ 66 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ವರ್ಷವಾಗುತ್ತ ಬಂತು. ಕರೆಂಟ್ (ರೇಡಿಯೇಷನ್) ಕೊಡಿಸಿದ್ದು ಮುಗಿದಿದೆ, ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದೆ. ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಚೆನ್ನಾಗಿ ಇಳಿದಿದೆ, ಗಾಬರಿ ಬೇಡ ಎನ್ನುತ್ತಾರೆ ಡಾಕ್ಟರು. ಆದರೆ ಇವರು ಮೊದಲಿನ ಹಾಗಿಲ್ಲ. ಮಾತು ಕಡಿಮೆ, ಆಡಿದರೆ ಸಿಡುಕು. ರಾತ್ರಿ ಬೆವೆತು ಏಳುತ್ತಾರೆ, ನಾಲ್ಕೈದು ಸಲ ಮೂತ್ರಕ್ಕೆ ಹೋಗುತ್ತಾರೆ. ಮದುವೆ, ತಿಥಿ ಯಾವುದಕ್ಕೂ ಬರುವುದಿಲ್ಲ. ಜಗಲಿಯ ಮೇಲೆ ಬೇರೆ ಮಲಗುತ್ತಾರೆ. ಮೊನ್ನೆ “ನಾನು ಇದ್ದು ಯಾರಿಗೇನು ಪ್ರಯೋಜನ” ಅಂದರು. ಮಗನ ಒತ್ತಾಯಕ್ಕೆ ಅವರಿಗೆ “ಗೆಡ್ಡೆ” ಎಂದಷ್ಟೇ ಹೇಳಿದ್ದೇವೆ, ಕ್ಯಾನ್ಸರ್ ಎಂದಿಲ್ಲ. ಮಾನಸಿಕ ಡಾಕ್ಟರಿಗೆ ತೋರಿಸೋಣ ಎಂದರೆ “ನನಗೇನು ಹುಚ್ಚಾ” ಎಂದು ಎದ್ದು ಹೋಗುತ್ತಾರೆ. ಏನು ಮಾಡಲಿ?

ಉತ್ತರ: “ನಾನು ಇದ್ದು ಯಾರಿಗೇನು ಪ್ರಯೋಜನ” ಎಂದಿದ್ದಾರಲ್ಲ, ಮಿಕ್ಕದ್ದನ್ನೆಲ್ಲ ಬದಿಗಿಟ್ಟು ಆ ಮಾತಿನಿಂದಲೇ ಶುರುಮಾಡೋಣ. ಅದನ್ನು ಬೇಸರದ ಮಾತು ಎಂದು ಬಿಟ್ಟುಬಿಡಬೇಡಿ. ಇವತ್ತೋ ನಾಳೆಯೋ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: “ಮೊನ್ನೆ ಹಾಗಂದಿರಲ್ಲ, ಬದುಕೋದೇ ಬೇಡ ಅನ್ನಿಸ್ತಾ ಇದೆಯಾ? ಜೀವಕ್ಕೆ ಏನಾದರೂ ಮಾಡ್ಕೋಬೇಕು ಅನ್ನೋ ಯೋಚನೆ ಬಂದಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಬಹಳ ಜನರಿಗೆ ಎದೆಯ ಭಾರ ಇಳಿಯುತ್ತದೆ, ಏಕೆಂದರೆ ಅಷ್ಟು ದಿನ ಒಬ್ಬರೇ ಹೊತ್ತಿರುತ್ತಾರೆ. ಕ್ಯಾನ್ಸರ್ ಎಂದು ಗೊತ್ತಾದ ಮೊದಲ ವಾರಗಳು ಮತ್ತು ಮೊದಲ ವರ್ಷ ಈ ಅಪಾಯ ಹೆಚ್ಚಿರುವ ಕಾಲ. ವಯಸ್ಸಾದ, ಮಾತು ಕಡಿಮೆಯಾದ ಗಂಡಸರಲ್ಲಿ ಇನ್ನಷ್ಟು ಹೆಚ್ಚು.

“ಸತ್ತರೆ ಸಾಕು ಅನ್ನಿಸ್ತದೆ, ಆದರೆ ಏನೂ ಮಾಡ್ಕೊಳ್ಳಲ್ಲ” ಎಂದರೆ ಆ ವಾರದೊಳಗೇ ಡಾಕ್ಟರಿಗೆ ತೋರಿಸಬೇಕು. ಹೇಗೆ, ಯಾವಾಗ ಎಂಬವರೆಗೆ ಯೋಚಿಸಿದ್ದಾರೆ ಎಂದಾದರೆ ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಉತ್ತರ ಏನೇ ಬರಲಿ, ಒಂದು ಕೆಲಸ ಮಾತ್ರ ಇಂದೇ ಆಗಬೇಕು. ಜಮೀನಿಗೆ ತಂದ ಔಷಧಿ, ಮನೆಯಲ್ಲಿ ಮಿಕ್ಕಿರುವ ನಿದ್ದೆ ಮಾತ್ರೆ, ನೋವಿನ ಮಾತ್ರೆ ಎಲ್ಲವೂ ಮನೆಯಿಂದ ಹೊರಗೆ, ಬೇರೆಯವರ ಬೀಗದೊಳಗೆ ಹೋಗಲಿ. ಇಂಥ ಯೋಚನೆ ಉಕ್ಕಿ ಬರುವುದು ಕೆಲವು ನಿಮಿಷ, ಕೆಲವು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತಾಡುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಯಜಮಾನರು ಮಾತಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ, ಮನೆಯವರಿಗೂ ದಾರಿ ಹೇಳುತ್ತಾರೆ. ಪೊಲೀಸ್ ಕೇಸ್ ಆಗುತ್ತದೆಂಬ ಭಯಕ್ಕೆ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಬೇರೆ ಎಂದು ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ.

ಇನ್ನು, ಅವರು ಹೀಗೇಕಾದರು ಎಂಬ ಪ್ರಶ್ನೆ. ಇದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಇಂಜೆಕ್ಷನ್ ತಂದದ್ದು ಒಂದು, ಮೂತ್ರ ಮತ್ತು ನಿದ್ದೆ ತಂದದ್ದು ಇನ್ನೊಂದು, ಮನಸ್ಸಿನೊಳಗೆ ಕೂತಿರುವ ದುಃಖ ಮತ್ತು ಮನೆಯ ಮೌನ ತಂದದ್ದು ಮೂರನೆಯದು. ಎಲ್ಲಕ್ಕೂ ಸೇರಿಸಿ “ಧೈರ್ಯವಾಗಿರಿ” ಎಂದುಬಿಟ್ಟರೆ ಯಾವುದಕ್ಕೂ ಮದ್ದಾಗುವುದಿಲ್ಲ. ಒಂದೊಂದನ್ನೂ ಬಿಡಿಸಿ ನೋಡಿದರೆ ಒಂದೊಂದಕ್ಕೂ ಪರಿಹಾರವಿದೆ.

ಮೊದಲು ಇಂಜೆಕ್ಷನ್. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳು ಬೆಳೆಯುವುದು ಟೆಸ್ಟೋಸ್ಟಿರಾನ್ ಎಂಬ ಗಂಡಸಿನ ಹಾರ್ಮೋನಿನ ಬಲದಿಂದ. ಅದನ್ನು ತೆಗೆದರೆ ಕ್ಯಾನ್ಸರ್ ಸೊರಗುತ್ತದೆ ಎಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಈಗ ಕೊಡುವ ಲ್ಯುಪ್ರೊಲೈಡ್, ಗೋಸರೆಲಿನ್, ಡೆಗರೆಲಿಕ್ಸ್ ಎಲ್ಲವೂ ಮಾಡುವುದು ಅದೇ ಕೆಲಸ. ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ 300ರಿಂದ 1000 ನ್ಯಾನೊಗ್ರಾಂ ಇರುವ ಟೆಸ್ಟೋಸ್ಟಿರಾನ್ ಈ ಚಿಕಿತ್ಸೆಯಲ್ಲಿ ಮೂರ್ನಾಲ್ಕು ವಾರದೊಳಗೆ 50ಕ್ಕಿಂತ ಕೆಳಗೆ ಬೀಳುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವಾಗ ವರ್ಷಗಟ್ಟಲೆ ನಿಧಾನವಾಗಿ ಆಗುವಂಥ ಬದಲಾವಣೆ ಇವರಿಗೆ ಒಂದೇ ತಿಂಗಳಲ್ಲಿ ಆಗಿದೆ. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು, ಸಿಡುಕು, ಕಾಮಾಸಕ್ತಿ ಪೂರ್ತಿ ಆರಿಹೋಗುವುದು, ತೋಳು ತೊಡೆ ಬಡವಾಗಿ ಹೊಟ್ಟೆ ಬರುವುದು, ಎಷ್ಟು ಮಲಗಿದರೂ ಹೋಗದ ಸುಸ್ತು, ಹೆಸರು ಮರೆಯುವುದು ಎಲ್ಲವೂ ಆ ಹಾರ್ಮೋನ್ ಇಳಿದದ್ದರಿಂದ ಬರಬಹುದಾದದ್ದು. ಖಿನ್ನತೆಯ ಸಾಧ್ಯತೆಯೂ ಈ ಚಿಕಿತ್ಸೆಯಲ್ಲಿ ಹೆಚ್ಚು. ಇದನ್ನು ಅವರಿಗೆ ಬಿಡಿಸಿ ಹೇಳಲೇಬೇಕು. ತಾನು ಹೇಡಿಯಾದೆ, ಹೆಂಗರುಳಾದೆ ಎಂದು ಒಳಗೊಳಗೇ ನಾಚಿಕೊಳ್ಳುವ ಗಂಡಸಿಗೆ “ಇದು ಇಂಜೆಕ್ಷನ್ನಿನ ಕೆಲಸ” ಎಂಬ ಒಂದು ಮಾತು ಎಷ್ಟೋ ಸಮಾಧಾನ ಕೊಡುತ್ತದೆ.

ಹಾಗೆಂದು ಇಂಜೆಕ್ಷನನ್ನು ನೀವಾಗಿ ನಿಲ್ಲಿಸಬೇಡಿ. ಪಿಎಸ್‌ಎ ಇಳಿದು ನಿಂತಿರುವುದರಲ್ಲಿ ಅದರ ಪಾಲು ದೊಡ್ಡದು. “ಒಟ್ಟು ಎಷ್ಟು ಕಾಲ ಇದು?” ಎಂದು ಮಾತ್ರ ಡಾಕ್ಟರನ್ನು ಕೇಳಿ. ರೇಡಿಯೇಷನ್ ಜೊತೆಗೆ ಕೊಡುವಾಗ ಕಾಯಿಲೆಯ ತೀವ್ರತೆ ಮಧ್ಯಮವಾಗಿದ್ದರೆ ನಾಲ್ಕರಿಂದ ಆರು ತಿಂಗಳು, ಹೆಚ್ಚಾಗಿದ್ದರೆ ಒಂದೂವರೆಯಿಂದ ಮೂರು ವರ್ಷ ಕೊಡುವುದು ರೂಢಿ. ಕೊನೆಯ ತಾರೀಖು ಗೊತ್ತಾದರೆ ಕಷ್ಟಕ್ಕೊಂದು ದಡ ಕಾಣುತ್ತದೆ. ಒಂದು ಎಚ್ಚರಿಕೆಯನ್ನೂ ಈಗಲೇ ತಿಳಿದಿರಿ: ಇಂಜೆಕ್ಷನ್ ನಿಂತ ಮರುದಿನವೇ ಹಳೆಯ ಮನುಷ್ಯ ಮರಳುವುದಿಲ್ಲ. ಹಾರ್ಮೋನ್ ಮತ್ತೆ ಏರಲು ಹಲವು ತಿಂಗಳು, ಈ ವಯಸ್ಸಿನಲ್ಲಿ ವರ್ಷವೂ ಹಿಡಿಯಬಹುದು. ಕೆಲವರಿಗೆ ಪೂರ್ತಿ ಏರುವುದೇ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ, ಇಂಜೆಕ್ಷನ್ ಮುಗಿದೂ ಸರಿಹೋಗಲಿಲ್ಲವೆಂದು ಆಗ ಇನ್ನೊಂದು ಸಲ ಕುಸಿಯುತ್ತಾರೆ.

ಮನಸ್ಸಿನದೇ ತೊಂದರೆ ಎಂದು ತೀರ್ಮಾನಿಸುವ ಮುಂಚೆ ಒಂದು ಸುತ್ತು ರಕ್ತಪರೀಕ್ಷೆ ಆಗಲಿ. ಈ ಚಿಕಿತ್ಸೆಯಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಮಾಮೂಲು, ಅದೇ ಅರ್ಧ ಸುಸ್ತಿಗೆ ಕಾರಣವಾಗಿರಬಹುದು. ಅದರ ಜೊತೆ ಥೈರಾಯ್ಡ್, ಬಿ12, ವಿಟಮಿನ್ ಡಿ, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆ ನೋಡಿಸಿ. ಹಾರ್ಮೋನನ್ನು ಇನ್ನಷ್ಟು ತಡೆಯುವ ಅಬಿರಾಟೆರೋನ್ ಮಾತ್ರೆಯೂ ಇದ್ದರೆ ಅದರೊಂದಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿರುತ್ತಾರೆ. ಅದು ನಿದ್ದೆ ಕೆಡಿಸುತ್ತದೆ, ಚಡಪಡಿಕೆ ತರುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಎರಡು ಸಂದರ್ಭದಲ್ಲಿ ಮಾತ್ರ ಕಾಯಲೇಬಾರದು. ಎರಡು ಮೂರು ದಿನದಲ್ಲಿ ಗಲಿಬಿಲಿ ಶುರುವಾಗಿ, ಹೊತ್ತು ಗೊತ್ತು ತಿಳಿಯದಂತೆ ಮಾತಾಡಿದರೆ ಅದು ಬೇಸರವಲ್ಲ. ಸೋಂಕೋ ಸೋಡಿಯಂ, ಕ್ಯಾಲ್ಸಿಯಂ ಏರುಪೇರೋ ಇರುತ್ತದೆ. ಹೊಸದಾಗಿ ಬೆನ್ನುನೋವು ಬಂದು ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಇದು ಖಿನ್ನತೆಯೋ, ಬರೀ ಔಷಧಿಯ ಸುಸ್ತೋ ಎಂದು ಗುರುತಿಸುವುದು ಹೇಗೆ? ಸುಸ್ತು, ನಿದ್ದೆಗೇಡು, ಹಸಿವು ಕಡಿಮೆ ಇವು ಎರಡರಲ್ಲೂ ಇರುವುದರಿಂದ ಅವುಗಳಿಂದ ತಿಳಿಯುವುದಿಲ್ಲ. ಸುಸ್ತಾದವರಿಗೆ ಆಸೆ ಇರುತ್ತದೆ, ಮೈ ಒಪ್ಪುವುದಿಲ್ಲ. ಮೊಮ್ಮಗು ಬಂದರೆ ಮುಖ ಅರಳುತ್ತದೆ, ಆದರೆ ಎತ್ತಿಕೊಳ್ಳಲು ಆಗುವುದಿಲ್ಲ. ಖಿನ್ನತೆಯಲ್ಲಿ ಮೊಮ್ಮಗು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ತಾನು ಹೊರೆ, ತನ್ನಿಂದಲೇ ಮನೆಗೆ ಖರ್ಚು, ಮುಂದೆ ಏನೂ ಒಳ್ಳೆಯದಾಗುವುದಿಲ್ಲ ಎಂಬ ಯೋಚನೆ ಬಿಡದೆ ಸುತ್ತುತ್ತದೆ. ಗಂಡಸರಲ್ಲಿ ಅದು ಅಳುವಿಗಿಂತ ಹೆಚ್ಚಾಗಿ ಸಿಡುಕಾಗಿ, ಒಂಟಿಯಾಗಿ ಕೂರುವುದಾಗಿ, ಕುಡಿತವಾಗಿ ಹೊರಬರುತ್ತದೆ. ಆಸ್ಪತ್ರೆಗಳಲ್ಲಿ ಬಳಸುವ ಎರಡು ಪ್ರಶ್ನೆಗಳನ್ನು ನೀವೂ ಕೇಳಬಹುದು. ಕಳೆದ ಎರಡು ವಾರದಲ್ಲಿ, ಮಾಡುವ ಕೆಲಸದಲ್ಲಿ ಆಸಕ್ತಿಯೋ ಖುಷಿಯೋ ಇಲ್ಲ ಅನ್ನಿಸಿದ್ದು ಎಷ್ಟು ದಿನ? ಮನಸ್ಸು ಕುಗ್ಗಿ, ಇನ್ನು ಆಸೆಯಿಲ್ಲ ಅನ್ನಿಸಿದ್ದು ಎಷ್ಟು ದಿನ? ಒಂದು ದಿನವೂ ಇಲ್ಲದಿದ್ದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಮ್ಮಿ ದಿನಾಲೂ ಎಂದರೆ 3. ಎರಡೂ ಸೇರಿ 3 ಅಥವಾ ಹೆಚ್ಚು ಬಂದರೆ ಡಾಕ್ಟರು ಪೂರ್ತಿ ಪರೀಕ್ಷಿಸಬೇಕು. ಇದರ ಮುಂದಿನ ಹಂತ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9, ಕನ್ನಡದಲ್ಲೂ ಇದೆ. ಅದರಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ಚಿಕಿತ್ಸೆಯ ಮಾತು ಬರುತ್ತದೆ. ನಿಮ್ಮ ಪತ್ರ ಓದಿದರೆ ಅವರಿಗೆ ಈ ಪರೀಕ್ಷೆ ಆಗಲೇಬೇಕು ಅನ್ನಿಸುತ್ತದೆ.

ರಾತ್ರಿಯ ವಿಷಯ. ನಾಲ್ಕೈದು ಸಲ ಎದ್ದವರ ಮನಸ್ಸು ಮರುದಿನ ನೆಟ್ಟಗಿರುವುದು ಸಾಧ್ಯವೇ ಇಲ್ಲ, ಆದ್ದರಿಂದ ನಿದ್ದೆಯನ್ನು ಸರಿಮಾಡುವುದೂ ಮನಸ್ಸಿನ ಚಿಕಿತ್ಸೆಯೇ. ಬಹಳ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ಮೂತ್ರ ಗಟ್ಟಿಯಾಗಿ ಉರಿ, ಅವಸರ ಹೆಚ್ಚುತ್ತದೆ. ನೀರಿನ ಪ್ರಮಾಣ ಹಾಗೇ ಇರಲಿ, ಹೊತ್ತು ಬದಲಾಗಲಿ. ಹೆಚ್ಚಿನ ಪಾಲು ಸಂಜೆಯೊಳಗೆ ಕುಡಿದು, ಮಲಗುವ ಎರಡು ಮೂರು ಗಂಟೆ ಮುಂಚೆ ನಿಲ್ಲಿಸಲಿ. ಕಾಫಿ, ಟೀ ಮಧ್ಯಾಹ್ನದ ನಂತರ ಬೇಡ. ಕಾಲು ಊದಿಕೊಳ್ಳುತ್ತಿದ್ದರೆ ಸಂಜೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡರೆ ಆ ನೀರು ಮಲಗುವ ಮುಂಚೆಯೇ ಹೊರಗೆ ಹೋಗುತ್ತದೆ. ಮೂತ್ರದ ಅವಸರಕ್ಕೆ ಮಾತ್ರೆಗಳಿವೆ, ಕೇಳಿ. ಬೆವರಿಗೆ ತೆಳು ಹತ್ತಿಯ ಬನಿಯನ್, ಪದರ ಪದರವಾಗಿ ಹೊದೆಯುವ ಎರಡು ತೆಳು ಹೊದಿಕೆ, ತಲೆಯ ಹತ್ತಿರ ಒಣ ಟವೆಲ್ ಮತ್ತು ಇನ್ನೊಂದು ಬನಿಯನ್ ಇರಲಿ. ಒದ್ದೆ ಬಟ್ಟೆ ಬದಲಿಸಲು ಬೀರು ಹುಡುಕಬೇಕಾಗಿ ಬಂದರೆ ನಿದ್ದೆ ಪೂರ್ತಿ ಹಾರಿಹೋಗುತ್ತದೆ. ಖಾರದೂಟ, ಬಿಸಿ ಕಾಫಿ, ಕುಡಿತ ಇವು ಕೆಲವರಲ್ಲಿ ಬಿಸಿ ಏರಿಸುತ್ತವೆ. ಒಂದು ವಾರ ಬರೆದಿಟ್ಟು ನೋಡಿದರೆ ಇವರಿಗೆ ಯಾವುದು ಎಂದು ತಿಳಿಯುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಔಷಧಿಗಳನ್ನು ಡಾಕ್ಟರು ಕೊಡಬಹುದು. ವೆನ್ಲಾಫ್ಯಾಕ್ಸಿನ್ ಖಿನ್ನತೆಗೂ ಆಗುತ್ತದೆ, ಬಿಪಿ ಮಾತ್ರ ನೋಡುತ್ತಿರಬೇಕು.

ಈಗ ಅತ್ಯಂತ ಕಷ್ಟದ ವಿಷಯಕ್ಕೆ ಬರೋಣ: ಕಾಯಿಲೆಯ ಹೆಸರನ್ನು ಬಚ್ಚಿಟ್ಟಿರುವುದು. ಮಗ ಅದನ್ನು ಮಾಡಿದ್ದು ಪ್ರೀತಿಯಿಂದಲೇ, ಅವರನ್ನು ದೂರಬೇಡಿ. ಆದರೆ ರೇಡಿಯೇಷನ್ ವಿಭಾಗದ ಬೆಂಚಿನಲ್ಲಿ ವಾರಗಟ್ಟಲೆ ಕೂತು ಬಂದವರಿಗೆ, ಪಕ್ಕದವರ ಮಾತು ಕೇಳಿದವರಿಗೆ, ಅಲ್ಲಿನ ಬೋರ್ಡು ಓದಿದವರಿಗೆ ತಮ್ಮ ಕಾಯಿಲೆ ಏನೆಂದು ಗೊತ್ತಿಲ್ಲದಿರುವುದು ಬಹಳ ಅಪರೂಪ. ಅವರು ಗೊತ್ತಿಲ್ಲದವರಂತೆ ಇರುತ್ತಾರೆ, ನೀವು ಹೇಳಬೇಕಾದ್ದೇನೂ ಇಲ್ಲದವರಂತೆ ಇರುತ್ತೀರಿ. ಎರಡು ಕಡೆಯೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡೇ ದೂರವಾಗುತ್ತೀರಿ. ಇದರಲ್ಲಿ ಅವರಿಗಾಗುವ ನಷ್ಟ ದೊಡ್ಡದು. ಹೆಸರಿಲ್ಲದ ಕಾಯಿಲೆಯ ಬಗ್ಗೆ ಹೆದರಿಕೆ ಹೇಳಿಕೊಳ್ಳುವುದಾದರೂ ಹೇಗೆ? ಮುಚ್ಚಿಡುವಷ್ಟು ಕೆಟ್ಟದ್ದು ಏನೋ ಇದೆ, ಇನ್ನು ಉಳಿಯುವುದಿಲ್ಲ ಎಂದು ಮನಸ್ಸು ತಾನೇ ಕತೆ ಕಟ್ಟುತ್ತದೆ. ಪಿಎಸ್‌ಎ ಇಳಿದ ಒಳ್ಳೆಯ ಸುದ್ದಿಯೂ ನಂಬಿಕೆಗೆ ಬರುವುದಿಲ್ಲ.

ಬಿಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಮಗನ ಜೊತೆ ನೀವೊಬ್ಬರೇ ಮಾತಾಡಿ: “ಅಪ್ಪನಿಗೆ ನಾವಾಗಿ ಏನೂ ಹೇಳೋದು ಬೇಡ, ಅವರಿಗೆ ಏನು ಗೊತ್ತಿದೆ ಅಂತ ಕೇಳೋಣ.” ಆಮೇಲೆ ಅವರನ್ನು ಕೇಳಿ: “ರೀ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಅನ್ನಿಸ್ತಿದೆ? ಡಾಕ್ಟರು ಹೇಳಿದ್ದರಲ್ಲಿ ಏನು ಅರ್ಥ ಆಯಿತು?” ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ, ಒಂದು ನಿಮಿಷ ಮೌನವಾದರೂ ತುಂಬಲು ಹೋಗಬೇಡಿ. “ಅದೇ ಅಲ್ವಾ?” ಎಂದು ಅವರೇ ಅಂದರೆ “ಹೌದು, ಅದೇ” ಎನ್ನಿ. ತಡಮಾಡದೆ ನಿಜವಾದ ಒಳ್ಳೆಯ ಸುದ್ದಿಯನ್ನೂ ಜೊತೆಗೆ ಹೇಳಿ: ಚಿಕಿತ್ಸೆ ಹಿಡಿದಿದೆ, ಪಿಎಸ್‌ಎ ಇಷ್ಟಿದ್ದದ್ದು ಇಷ್ಟಕ್ಕೆ ಇಳಿದಿದೆ ಎಂದು ರಿಪೋರ್ಟ್ ಕೈಗೆ ಕೊಡಿ. “ನನಗೆ ಏನೂ ಹೇಳಬೇಡಿ, ನೀವೇ ನೋಡ್ಕೊಳ್ಳಿ” ಎಂದರೆ ಅದಕ್ಕೂ ಅವರಿಗೆ ಹಕ್ಕಿದೆ, ಬಲವಂತ ಬೇಡ; “ಯಾವಾಗ ಕೇಳಬೇಕು ಅನ್ನಿಸಿದರೂ ಸುಳ್ಳು ಹೇಳಲ್ಲ” ಎಂದಷ್ಟೇ ಹೇಳಿಡಿ. ಮನೆಯಲ್ಲಿ ಆಗದು ಎನ್ನಿಸಿದರೆ ಮುಂದಿನ ಸಲ ಡಾಕ್ಟರಿಗೆ ಮುಂಚೆಯೇ ಚೀಟಿ ಕಳಿಸಿ, ಅವರೇ ಮಾತು ತೆಗೆಯಲಿ.

ಜಗಲಿಯ ಮೇಲೆ ಬೇರೆ ಮಲಗುವುದಕ್ಕೆ ಕಾರಣ ಬೆವರೂ ಇರಬಹುದು, ಮೂತ್ರ ತೊಟ್ಟಿಕ್ಕಿ ವಾಸನೆ ಬರುತ್ತದೆಂಬ ಮುಜುಗರವೂ ಇರಬಹುದು. ಆದರೆ ಬಹಳ ಮಂದಿ ಬಾಯಿಬಿಡದ ಕಾರಣ ಇನ್ನೊಂದಿದೆ. ಆಸೆ ಆರಿದೆ, ನಿಮಿರುವಿಕೆ ಇಲ್ಲ. ಹೆಂಡತಿಯ ಹತ್ತಿರ ಹೋದರೆ ಆಕೆ ಏನಾದರೂ ನಿರೀಕ್ಷಿಸಿಯಾಳು ಎಂಬ ಅಳುಕಿಗೆ ಮುಟ್ಟುವುದನ್ನೇ ಬಿಡುತ್ತಾರೆ. ಹೆಂಡತಿ ಅದನ್ನು ತನ್ನ ಮೇಲಿನ ಕೋಪ ಎಂದುಕೊಳ್ಳುತ್ತಾಳೆ. ಇಲ್ಲಿ ಮಾತು ನಿಮ್ಮಿಂದ ಬರಲಿ: “ಅದು ಇಂಜೆಕ್ಷನ್ನಿಂದ ಅಂತ ನನಗೆ ಗೊತ್ತು. ನನಗೆ ಅದರಿಂದ ಬೇಜಾರಿಲ್ಲ. ಹತ್ತಿರ ಇದ್ದರೆ ಸಾಕು.” ಕೈ ಹಿಡಿಯುವುದು, ಬೆನ್ನಿಗೆ ಎಣ್ಣೆ ಹಚ್ಚುವುದು, ಒಂದೇ ಕೋಣೆಯಲ್ಲಿ ಎರಡು ಹಾಸಿಗೆ ಹಾಕುವುದು ಇಷ್ಟರಿಂದಲೇ ಶುರುವಾಗಲಿ. ಊರಿನಲ್ಲಿ ಹಬ್ಬುವ ಮಾತಿಗೆ ಉತ್ತರವೂ ತಿಳಿದಿರಲಿ: ಕ್ಯಾನ್ಸರ್ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಒಟ್ಟಿಗೆ ಮಲಗಿದರೂ ಇಲ್ಲ. ಹೊರಗಿನ ಯಂತ್ರದಿಂದ ಕೊಡುವ ಕರೆಂಟು ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಮುಂದೆ ಅವರೇ ಬಯಸಿದರೆ ನಿಮಿರುವಿಕೆಗೆ ಮಾತ್ರೆ, ವ್ಯಾಕ್ಯೂಮ್ ಪಂಪು, ಇಂಜೆಕ್ಷನ್ ಹೀಗೆ ಚಿಕಿತ್ಸೆಗಳಿವೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್, ಟಡಾಲಾಫಿಲ್ ಎಂಬ ಈ ಮಾತ್ರೆಗಳನ್ನು ಮುಟ್ಟಲೇಬಾರದು, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಇನ್ನೊಂದು, “ಶಕ್ತಿ ಬರುತ್ತದೆ” ಎಂದು ಯಾರಾದರೂ ಅಶ್ವಗಂಧವನ್ನೋ ಲೇಹ್ಯವನ್ನೋ ತಂದುಕೊಟ್ಟರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಅಶ್ವಗಂಧ ಟೆಸ್ಟೋಸ್ಟಿರಾನ್ ಏರಿಸಬಹುದು, ಇಂಜೆಕ್ಷನ್ ಇಳಿಸುತ್ತಿರುವುದು ಅದನ್ನೇ.

(ಇಂಜೆಕ್ಷನ್ ಬದಲು ಬೀಜ ತೆಗೆಸುವ ಆಪರೇಷನ್ ಮಾಡಿಸಿಕೊಂಡವರೂ ನಮ್ಮಲ್ಲಿ ಬಹಳ ಇದ್ದಾರೆ, ಖರ್ಚು ಕಡಿಮೆಯೆಂದು. ಅವರ ಮೌನ ಇನ್ನೂ ಆಳವಾದದ್ದು. ಹೊರಗಿನ ಆಕಾರ ಉಳಿಯುವಂತೆ ಒಳಗಿನದನ್ನಷ್ಟೇ ತೆಗೆಯುವ ಕ್ರಮವೂ ಇದೆ. ಈ ಆಪರೇಷನ್ ಆಲೋಚಿಸುತ್ತಿರುವವರು ಮೊದಲೇ ಕೇಳಿಕೊಳ್ಳಬೇಕು.)

“ಪ್ರಯೋಜನ ಇಲ್ಲ” ಎಂಬ ಭಾವನೆಗೆ ಸಮಾಧಾನದ ಮಾತಿಗಿಂತ ಕೆಲಸವೇ ಒಳ್ಳೆಯ ಮದ್ದು. ಕಾಯಿಲೆ ಬಂದಾಗಿನಿಂದ ಬ್ಯಾಂಕಿನ ಕೆಲಸ ಮಗನಿಗೆ, ಆಳುಕಾಳಿನ ಲೆಕ್ಕ ಇನ್ನೊಬ್ಬರಿಗೆ ಹೋಗಿರುತ್ತದೆ. ಆರಾಮವಾಗಿರಲಿ ಎಂದು ಮಾಡಿದ್ದು ಕೊನೆಗೆ ಅವರನ್ನು ಮೂಲೆಗೆ ಕೂರಿಸಿರುತ್ತದೆ. ಎರಡು ಜವಾಬ್ದಾರಿ ವಾಪಸು ಕೊಡಿ, ನಿಜವಾದದ್ದನ್ನೇ ಕೊಡಿ: ಹಾಲಿನ ಡೈರಿಯ ಲೆಕ್ಕ, ತೋಟಕ್ಕೆ ನೀರು ಬಿಡುವ ತೀರ್ಮಾನ. ಅವರು ತೀರ್ಮಾನಿಸಿದ ಮೇಲೆ ಹಿಂದಿನಿಂದ ಬದಲಿಸಬೇಡಿ. ಜೊತೆಗೆ ಒಂದು ಹಳೆಯ ನೋಟುಬುಕ್ಕಿನಲ್ಲಿ ಮೂರು ಗೆರೆ ಎಳೆದುಕೊಡಿ: ಹೊತ್ತು, ಮಾಡಿದ್ದು, ಮನಸ್ಸು ಹೇಗಿತ್ತು ಎಂಬುದಕ್ಕೆ 0ರಿಂದ 10ರವರೆಗೆ ಅಂಕ. “ಬೆಳಿಗ್ಗೆ 7, ತೋಟದ ಬೇಲಿಯವರೆಗೆ ಹೋಗಿ ಬಂದದ್ದು, 4. ಹನ್ನೊಂದಕ್ಕೆ ಮಲಗಿದ್ದು, 2.” ಒಂದು ವಾರ ಬರೆದರೆ ಯಾವುದರಿಂದ ಅಂಕ ಒಂದಾದರೂ ಏರುತ್ತದೆ ಎಂದು ಅವರಿಗೇ ಕಾಣುತ್ತದೆ, ಮರುವಾರ ಅದನ್ನೇ ಹೆಚ್ಚಿಸಿ, ಹೊತ್ತು ನಿಗದಿ ಮಾಡಿ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದೇ ಇಲ್ಲ. ಖಿನ್ನತೆಯಲ್ಲಿ ಕೆಲಸ ಮುಂದೆ, ಮನಸ್ಸು ಹಿಂದೆ.

ನಡಿಗೆ ಈ ಇಂಜೆಕ್ಷನ್ನಿನ ಸುಸ್ತಿಗೆ ಸಾಬೀತಾದ ಚಿಕಿತ್ಸೆ. ದಿನಕ್ಕೆ 10 ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದಾರು ನಿಮಿಷದಂತೆ ಹೆಚ್ಚಿಸಿ, ವಾರಕ್ಕೆ ಒಟ್ಟು 150 ನಿಮಿಷ ಮುಟ್ಟಲಿ. ನಡಿಗೆಯೊಂದೇ ಸಾಲದು, ಸ್ನಾಯು ಕರಗುತ್ತಿರುವುದರಿಂದ ವಾರಕ್ಕೆ ಎರಡು ಸಲ ಬಲದ ವ್ಯಾಯಾಮವೂ ಬೇಕು: ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಗೆ ಕೈಕೊಟ್ಟು ದಂಡ 10 ಸಲ, ನೀರು ತುಂಬಿದ ಒಂದು ಲೀಟರ್ ಬಾಟಲಿ ಎತ್ತುವುದು 10 ಸಲ. ಕ್ಯಾನ್ಸರ್ ಮೂಳೆಗೆ ಹೋಗಿದ್ದರೆ ಮಾತ್ರ ಯಾವುದು ಮಾಡಬಹುದು ಎಂದು ಕೇಳಿಯೇ ಶುರುಮಾಡಬೇಕು.

ಮದುವೆಗೆ ಬಾರದಿರುವುದಕ್ಕೆ ಹೆಚ್ಚಿನ ಪಾಲು ಮೂತ್ರದ ಅಂಜಿಕೆಯೇ ಕಾರಣ. ಹೊರಡುವ ಮೊದಲು ಇದನ್ನು ಲೆಕ್ಕ ಹಾಕಿ. ಮೊದಲ ಸಲ ಎರಡು ಗಂಟೆಯ ಕಾರ್ಯಕ್ರಮ ಸಾಕು, ಧಾರೆ ನೋಡಿ ಊಟ ಮಾಡಿ ಬರುವಷ್ಟು. ಹೊರಡುವ ಮುಂಚೆ ಮೂತ್ರಕ್ಕೆ ಹೋಗಲಿ, ಪ್ಯಾಡ್ ಹಾಕಿಕೊಳ್ಳಲಿ. ಗಂಡಸರ ಪ್ಯಾಡ್ ಎಂದೇ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಸಿಗದಿದ್ದರೆ ದೊಡ್ಡವರ ಡೈಪರ್ ಸಾಕು. ಬಿಳಿ ಪಂಚೆ ಬದಲು ಗಾಢ ಬಣ್ಣದ ಪ್ಯಾಂಟು, ಉದ್ದ ಜುಬ್ಬ. ಚೀಲದಲ್ಲಿ ಇನ್ನೊಂದು ಪ್ಯಾಡ್, ಇನ್ನೊಂದು ಚಡ್ಡಿ, ಕಟ್ಟಲು ಬರುವ ಪ್ಲಾಸ್ಟಿಕ್ ಕವರು. ಕಲ್ಯಾಣ ಮಂಟಪಕ್ಕೆ ಹೋದ ತಕ್ಷಣ ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು, ಊಟಕ್ಕೆ ಪಂಕ್ತಿಯ ತುದಿಯ ಎಲೆಗೇ ಕೂರಲಿ, ನಡುವೆ ಏಳಬೇಕಾದರೂ ಯಾರೂ ಗಮನಿಸುವುದಿಲ್ಲ. ಸೋರಿಕೆ ಇರುವವರು ಗುದದ ಸುತ್ತಲಿನ ಸ್ನಾಯುವನ್ನು ವಾಯು ತಡೆಹಿಡಿಯುವಂತೆ ಬಿಗಿಹಿಡಿದು 5 ಎಣಿಸಿ ಸಡಿಲಿಸುವುದನ್ನು ಒಂದು ಹೊತ್ತಿಗೆ 10 ಸಲ, ದಿನಕ್ಕೆ ಮೂರು ಹೊತ್ತು ಮಾಡಬೇಕು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಹಳ ಜನ ತಪ್ಪುವುದು ಅಲ್ಲೇ. ಗುಣ ಕಾಣಲು ಕೆಲವು ವಾರ, ತಿಂಗಳು ಬೇಕು.

ಡಾಕ್ಟರ ವಿಷಯ. “ಮಾನಸಿಕ ಡಾಕ್ಟರು” ಎಂದು ನೀವು ಹೇಳುವುದಕ್ಕಿಂತ, ಕ್ಯಾನ್ಸರ್ ಡಾಕ್ಟರೇ “ಇಂಜೆಕ್ಷನ್ನಿನಿಂದ ನಿದ್ದೆ, ಮನಸ್ಸು ಕೆಟ್ಟಿದೆ, ಅದಕ್ಕೂ ಚಿಕಿತ್ಸೆ ಮಾಡಿಬಿಡೋಣ” ಎಂದು ಚೀಟಿ ಬರೆದರೆ ಅವರು ಒಪ್ಪುವ ಸಂಭವ ಹೆಚ್ಚು, ಏಕೆಂದರೆ ಆಗ ಅದು ಇದೇ ಕಾಯಿಲೆಯ ಒಂದು ಭಾಗವಾಗುತ್ತದೆ. ನಿಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಜ್ಞರು ಬರುವ ಏರ್ಪಾಡಿದೆ, ನಿಮ್ಮ ತಾಲ್ಲೂಕಿನ ದಿನವನ್ನು ಮೊದಲೇ ವಿಚಾರಿಸಿ. ಬೆಂಗಳೂರಿಗೆ ಚಿಕಿತ್ಸೆಗೆ ಹೋಗುತ್ತಿದ್ದರೆ ನಿಮ್ಹಾನ್ಸ್ ಹೊರರೋಗಿ ವಿಭಾಗವೂ ಇದೆ. ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಕಡಿಮೆ ತೀವ್ರತೆಯ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು.

ಮಾತ್ರೆ ಕೊಟ್ಟರೆ ಎಸಿಟಾಲೋಪ್ರಾಂ ಅಥವಾ ಸರ್ಟ್ರಲಿನ್ ಸಾಮಾನ್ಯ. ಮೊದಲ ವಾರ ಸ್ವಲ್ಪ ವಾಕರಿಕೆ, ಚಡಪಡಿಕೆ ಇರುತ್ತದೆ, ಗುಣ ಕಾಣುವುದು ಎರಡರಿಂದ ನಾಲ್ಕು ವಾರಕ್ಕೆ. ಹೆಚ್ಚಿನವರು ಕೈಬಿಡುವುದು ಈ ನಡುವೆಯೇ, ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದರಿಂದ. ಇವು ಚಟ ಹಿಡಿಸುವುದಿಲ್ಲ, ಆದರೆ ಗುಣವಾದ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ಪ್ರಾಸ್ಟೇಟ್ ಚಿಕಿತ್ಸೆಯಲ್ಲಿರುವವರಿಗೆ ಮುಖ್ಯವಾದ ಕೆಲವು ಎಚ್ಚರಿಕೆಗಳಿವೆ, ಮನೋವೈದ್ಯರಿಗೆ ಎಲ್ಲ ಔಷಧಿಗಳ ಪಟ್ಟಿ ತೋರಿಸಲೇಬೇಕು ಎನ್ನುವುದು ಇದಕ್ಕೇ. ಹಾರ್ಮೋನ್ ಇಂಜೆಕ್ಷನ್, ಎಸಿಟಾಲೋಪ್ರಾಂ ಎರಡೂ ಹೃದಯದ ಲಯದ ಮೇಲೆ ಪರಿಣಾಮ ಬೀರುವುದರಿಂದ ಒಂದು ಇಸಿಜಿ ಮಾಡಿಸುವುದು ಒಳ್ಳೆಯದು. ವಯಸ್ಸಾದವರಲ್ಲಿ ಈ ಮಾತ್ರೆಗಳಿಂದ ಸೋಡಿಯಂ ಇಳಿಯಬಹುದು, ಕೆಲವು ವಾರಕ್ಕೆ ಒಮ್ಮೆ ನೋಡಿಸಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆ ಮೂತ್ರ ಕಟ್ಟಿಸಬಹುದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಎನ್ಜಾಲುಟಮೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಬೇಡ, ಎರಡೂ ಫಿಟ್ಸ್ ಸಾಧ್ಯತೆ ಹೆಚ್ಚಿಸುತ್ತವೆ. ನಿದ್ದೆಗೆಂದು ಅಂಗಡಿಯಿಂದ ಆಲ್ಪ್ರಜೋಲಾಂ ತಂದು ಕೊಡಬೇಡಿ. ಅದು ಚಟವಾಗುತ್ತದೆ, ರಾತ್ರಿ ಮೂತ್ರಕ್ಕೆ ಎದ್ದಾಗ ತೂರಾಡಿ ಬಿದ್ದರೆ ಇಂಜೆಕ್ಷನ್ನಿಂದ ಮೊದಲೇ ಸವೆದಿರುವ ಮೂಳೆ ಮುರಿಯುತ್ತದೆ. ಅವರಿಗೆ ತಿಳಿಸದೆ ಊಟದಲ್ಲಿ ಮಾತ್ರೆ ಬೆರೆಸುವುದಂತೂ ಬೇಡವೇ ಬೇಡ. ಗೊತ್ತಾದ ದಿನ ನಿಮ್ಮ ಕೈಯ ಅನ್ನವನ್ನೂ ನಂಬುವುದಿಲ್ಲ.

ಪಿಎಸ್‌ಎ ಪರೀಕ್ಷೆಯ ಹಿಂದಿನ ವಾರ ಸಿಡುಕು, ನಿದ್ದೆಗೇಡು ಹೆಚ್ಚಾಗುವುದು ಸಾಮಾನ್ಯ. ರಕ್ತ ಕೊಡುವುದಕ್ಕೂ ಫಲಿತಾಂಶ ಸಿಗುವುದಕ್ಕೂ ನಡುವಿನ ಅಂತರ ಆದಷ್ಟು ಕಡಿಮೆ ಇರಲಿ, ಯಾವಾಗಲೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮುಂದೆ ಇಂಜೆಕ್ಷನ್ ನಿಂತು ಹಾರ್ಮೋನ್ ಮರಳುವಾಗ ಪಿಎಸ್‌ಎ ಸ್ವಲ್ಪ ಏರಿಳಿಯಬಹುದು. ಮೂತ್ರದ ಸೋಂಕಿದ್ದರೂ ಏರುತ್ತದೆ. ರೇಡಿಯೇಷನ್ ಆದವರಲ್ಲಿ ಕಾಯಿಲೆ ಮರಳಿದೆ ಎನ್ನಲು ಸಾಮಾನ್ಯವಾಗಿ ನೋಡುವುದು ಅತಿ ಕೆಳಗಿನ ಅಂಕಿಗಿಂತ 2 ಹೆಚ್ಚಾಗಿದೆಯೇ ಎಂದು. 0.2 ಇದ್ದದ್ದು 0.5 ಆಯಿತೆಂದು ರಾತ್ರಿಯಿಡೀ ಕೂರಬೇಕಾಗಿಲ್ಲ.

ನಿಮ್ಮ ನಿದ್ದೆಯೂ ಅವರ ಜೊತೆಗೇ ಹೋಗಿರುತ್ತದೆ. ಮೇಲಿನ ಎರಡು ಪ್ರಶ್ನೆಗಳನ್ನು ನಿಮಗೂ ಕೇಳಿಕೊಳ್ಳಿ, 3 ಬಂದರೆ ನೀವೂ ತೋರಿಸಿಕೊಳ್ಳಿ. ವಾರದಲ್ಲಿ ಎರಡು ರಾತ್ರಿ ಮಗನೋ ಮಗಳೋ ಅವರ ಪಕ್ಕ ಮಲಗಲಿ.

ಬದುಕೋದೇ ಬೇಡ ಅನ್ನಿಸ್ತಾ ಇದೆಯಾ ಎಂಬ ಮೊದಲ ಪ್ರಶ್ನೆಗೆ ಅವರು ಹೇಳುವ ಉತ್ತರದ ಮೇಲೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕೆಂಬುದು ನಿಂತಿದೆ. ಜೀವದ ಯೋಚನೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರೂ ಮುಂದಿನ ಇಂಜೆಕ್ಷನ್ ತಾರೀಖಿನವರೆಗೆ ಕಾಯಬೇಡಿ, ಒಂದೆರಡು ವಾರದೊಳಗೆ ಕ್ಯಾನ್ಸರ್ ಡಾಕ್ಟರನ್ನು ಕಾಣಿ. ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ರಾತ್ರಿ ಎಷ್ಟು ಸಲ ಏಳುತ್ತಾರೆ, ದಿನಕ್ಕೆ ಎಷ್ಟು ಸಲ ಬಿಸಿಯೇರಿ ಬೆವರುತ್ತಾರೆ, ಎರಡು ಪ್ರಶ್ನೆಗಳ ಅಂಕ, “ಪ್ರಯೋಜನ ಇಲ್ಲ” ಎಂದ ಮಾತು ಅವರದೇ ಪದಗಳಲ್ಲಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ನಾಟಿ ಔಷಧಿಯೂ ಸೇರಿ. ಒಳಗೆ ಹೋಗುವ ಮುಂಚೆಯೇ ನರ್ಸ್ ಕೈಗೆ ಕೊಡಿ. ಡಾಕ್ಟರು ಕೇಳಿದರೆ ನಿಮ್ಮ ಯಜಮಾನರು “ಏನಿಲ್ಲ, ಚೆನ್ನಾಗಿದೀನಿ” ಎಂದೇ ಹೇಳುತ್ತಾರೆ. ಆಗ ಆ ಚೀಟಿ ಡಾಕ್ಟರ ಮೇಜಿನ ಮೇಲಿರಬೇಕು.